ಲಾಗಿನ್ ಇಲ್ಲದೆ ತೆರೆಯದ ಪಾಠಸಾಮಗ್ರಿಯನ್ನು ನಾನು ಉಲ್ಲೇಖಿಸಿದ ಬಗೆ

ನನ್ನ ಪ್ರಬಂಧದ ಮುಖ್ಯ ವಾದವೊಂದು ಪ್ರಾಧ್ಯಾಪಕರು ಕೋರ್ಸಿನ ಜಾಲತಾಣದಲ್ಲಿ ಹಾಕಿದ್ದ ಸ್ಲೈಡುಗಳನ್ನು ಆಧರಿಸಿತ್ತು. ಆದರೆ ಆ ಕೊಂಡಿಯು ನೋಂದಾಯಿತ ವಿದ್ಯಾರ್ಥಿಗಳಿಗಷ್ಟೇ ತೆರೆಯುತ್ತಿದ್ದುದರಿಂದ ಹೊರಗಿನ ಪರೀಕ್ಷಕರು ಅದನ್ನು ಪರಿಶೀಲಿಸುವಂತಿರಲಿಲ್ಲ. ಆಕರಗಳನ್ನು ಉಲ್ಲೇಖಿಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ 7ನೇ ಆವೃತ್ತಿಯನ್ನು ನೋಡಿದಾಗ ದಾರಿ ಸ್ಪಷ್ಟವಾಯಿತು: ಓದುಗರಿಗೆ ಆ ತಾಣದ ಪ್ರವೇಶವಿದ್ದರೆ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ತಾಣದ ಹೆಸರುಗಳೊಂದಿಗೆ ಲಾಗಿನ್ ಪುಟದ ವಿಳಾಸವನ್ನು ಆಕರಪಟ್ಟಿಯಲ್ಲಿ ಕೊಡಬೇಕು, ಇಲ್ಲದಿದ್ದರೆ ಅದನ್ನು ವೈಯಕ್ತಿಕ ಸಂವಹನವೆಂದು (ಪತ್ರ, ಮಾತುಕತೆಗಳಂತೆ ಓದುಗರಿಗೆ ಸಿಗದ ಆಕರವೆಂದು) ಪರಿಗಣಿಸಿ, ದಿನಾಂಕದೊಡನೆ ಬರಹದೊಳಗೆ ಮಾತ್ರ ಸೂಚಿಸಬೇಕು. ನಾನು ಎರಡನೆಯದನ್ನು ಅನುಸರಿಸಿದೆ. ಆದರೂ ನನಗೆ ಹೆಚ್ಚು ಸರಿಯೆನಿಸಿದ್ದು ಇನ್ನೊಂದು ಕೆಲಸ: ಸ್ಲೈಡಿನ ಅಡಿಯಲ್ಲಿ ಹೆಸರಿಸಿದ್ದ ಮೂಲ ಲೇಖನವನ್ನು ಗ್ರಂಥಾಲಯದಲ್ಲಿ ಹುಡುಕಿ, ಪೂರ್ತಿ ಓದಿ, ಅದನ್ನೇ ನೇರವಾಗಿ ಉಲ್ಲೇಖಿಸಿದೆ. ಪ್ರಾಧ್ಯಾಪಕರದೇ ಆದ ವಿಶ್ಲೇಷಣೆಗೆ ಮಾತ್ರ, ಅವರ ಅನುಮತಿ ಪಡೆದು, ವೈಯಕ್ತಿಕ ಸಂವಹನದ ಸೂಚನೆಯನ್ನು ಉಳಿಸಿಕೊಂಡೆ.