ಸ್ಕೂಬಾ ಡೈವಿಂಗ್ ಕಲಿಯುವ ಮೊದಲು: ಒತ್ತಡ, ಉಸಿರು ಮತ್ತು ಉಪಕರಣಗಳು

ಸ್ಕೂಬಾ ಕಲಿಯಲು ಬರುವವರು ಮೊದಲ ದಿನ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ನೀರಿನಲ್ಲಿ ಶಾರ್ಕ್ ಎದುರಾದರೆ ಏನು ಮಾಡಬೇಕು ಎಂಬುದು ಒಂದು, ಸಿಲಿಂಡರಿನ ಗಾಳಿ ಮುಗಿದುಹೋದರೆ ಏನು ಗತಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೊಸಬರು ಅಷ್ಟಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ; ಎರಡನೆಯದಕ್ಕೆ ಉತ್ತರ ಮುಂದೆ ಬರುತ್ತದೆ. ಆದರೆ ಇವೆರಡಕ್ಕಿಂತ ಮೊದಲು ಕೇಳಬೇಕಾದ, ಸಾಮಾನ್ಯವಾಗಿ ಯಾರಿಗೂ ಹೊಳೆಯದ ಪ್ರಶ್ನೆಯೊಂದಿದೆ: ಈಜುಕೊಳದಷ್ಟೇ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಉಸಿರೆಳೆದು, ಅದನ್ನು ಬಿಗಿಹಿಡಿದುಕೊಂಡೇ ಮೇಲಕ್ಕೆ ಬಂದರೆ ಏನಾಗುತ್ತದೆ? ಒಂದೆರಡು ಮೀಟರ್ ಆಳದಿಂದ ಹಾಗೆ ಬಂದರೂ ಶ್ವಾಸಕೋಶ ಹರಿಯಬಹುದು, ಅಲ್ಲಿಂದ ನುಸುಳಿದ ಗಾಳಿಯ ಗುಳ್ಳೆ ರಕ್ತದೊಡನೆ ಮಿದುಳಿಗೆ ಸೇರಿ ಪ್ರಾಣಕ್ಕೇ ಎರವಾಗಬಹುದು. ಈ ಕ್ರೀಡೆಯ ಬಹುಪಾಲು ನಿಯಮಗಳು ಒತ್ತಡ ಬದಲಾದಾಗ ಗಾಳಿ ಹೇಗೆ ವರ್ತಿಸುತ್ತದೆ ಎಂಬ ಒಂದೇ ಸಂಗತಿಯಿಂದ ಹುಟ್ಟಿಕೊಂಡಿವೆ. ಆದ್ದರಿಂದ ಉಪಕರಣಗಳಿಗಿಂತ ಮೊದಲು ಅದನ್ನೇ ನೋಡುವುದು ಒಳ್ಳೆಯದು. ಇದನ್ನು ಓದಿದ ಮಾತ್ರಕ್ಕೆ ನೀರಿಗಿಳಿಯುವಂತಿಲ್ಲ. ಅರ್ಹ ಬೋಧಕರ ಬಳಿ ತರಬೇತಿ ಪಡೆಯಲೇಬೇಕು.

ನೀರಿನೊಳಗೆ ಒತ್ತಡ ಎಷ್ಟು, ಅದರಿಂದ ಏನಾಗುತ್ತದೆ?

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಇಡೀ ವಾತಾವರಣದ ಒತ್ತಡ ಸುಮಾರು 1 ಬಾರ್. ಸಮುದ್ರದ ನೀರಿನಲ್ಲಿ ಬರೀ 10 ಮೀಟರ್ ಇಳಿದರೆ ಅಷ್ಟೇ ಒತ್ತಡ ಮತ್ತೊಮ್ಮೆ ಸೇರಿಕೊಳ್ಳುತ್ತದೆ. ಹೀಗೆ 10 ಮೀಟರಿನಲ್ಲಿ 2 ಬಾರ್, 20ರಲ್ಲಿ 3, 30ರಲ್ಲಿ 4. ನಮ್ಮ ದೇಹದ ಬಹುಭಾಗ ನೀರೇ ಆಗಿರುವುದರಿಂದ ಮಾಂಸ, ಮೂಳೆ, ರಕ್ತ ಇವುಗಳಿಗೆ ಈ ಒತ್ತಡ ತಟ್ಟುವುದೇ ಇಲ್ಲ ಎನ್ನಬಹುದು. ತಟ್ಟುವುದು ಗಾಳಿ ತುಂಬಿದ ಜಾಗಗಳಿಗೆ: ಶ್ವಾಸಕೋಶ, ನಡುಗಿವಿ, ಮುಖದ ಮೂಳೆಗಳೊಳಗಿನ ಸೈನಸ್‌ಗಳು, ಮತ್ತು ನಾವೇ ಮುಖಕ್ಕೆ ಕಟ್ಟಿಕೊಂಡ ಮಾಸ್ಕ್.

ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ್ದರು. ಮೇಲ್ಮೈಯಲ್ಲಿ 6 ಲೀಟರ್ ಗಾಳಿ ತುಂಬಿದ ಬಲೂನು 10 ಮೀಟರಿನಲ್ಲಿ 3 ಲೀಟರ್, 20ರಲ್ಲಿ 2 ಲೀಟರ್, 30ರಲ್ಲಿ ಒಂದೂವರೆ ಲೀಟರ್ ಆಗುತ್ತದೆ. ಈ ಅಂಕಿಗಳನ್ನು ಈಗ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. 30ರಿಂದ 20 ಮೀಟರಿಗೆ ಏರುವಾಗ ಗಾಳಿ ಹಿಗ್ಗುವುದು ಮೂರನೇ ಒಂದು ಭಾಗದಷ್ಟು ಮಾತ್ರ. ಅದೇ 10 ಮೀಟರಿನಿಂದ ಮೇಲ್ಮೈಗೆ ಬರುವಾಗ ಇಮ್ಮಡಿಯಾಗುತ್ತದೆ. ಆಳ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದು ನಂಬಿರುವ ಹೊಸಬರಿಗೆ ಇದು ತಲೆಕೆಳಗಾಗಿ ಕಾಣಬಹುದು. ಆದರೆ ಗಾಳಿ ಹಿಗ್ಗುವ ವಿಷಯದಲ್ಲಿ ಅತಿ ಎಚ್ಚರ ಬೇಕಾದದ್ದು ಮೇಲಿನ 10 ಮೀಟರಿನಲ್ಲಿಯೇ.

ಚಿಕ್ಕಂದಿನಿಂದ ಮುಳುಗಿ ಈಜಿ ರೂಢಿಯಾದವರು, ‘ಉಸಿರು ಬಿಗಿಹಿಡಿದೇ ಎಷ್ಟೋ ಸಲ ತಳ ಮುಟ್ಟಿ ಬಂದಿದ್ದೇವೆ, ಏನೂ ಆಗಿಲ್ಲವಲ್ಲ’ ಎನ್ನುವುದುಂಟು. ಅವರು ಹೇಳುವುದು ನಿಜ. ಮೇಲ್ಮೈಯಲ್ಲಿ ಎಳೆದುಕೊಂಡ ಉಸಿರು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕೇ ಮರಳುತ್ತದೆ, ಅದಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ. ಸ್ಕೂಬಾದಲ್ಲಿ ಹಾಗಲ್ಲ; ಆ ಆಳದ ಒತ್ತಡದಲ್ಲಿಯೇ ಎದೆ ತುಂಬ ಗಾಳಿ ಪಡೆದಿರುತ್ತೇವೆ, ಏರುವಾಗ ಹಿಗ್ಗಿದ ಗಾಳಿಗೆ ಎದೆಯಲ್ಲಿ ಜಾಗವಿರುವುದಿಲ್ಲ. ಆದಕಾರಣ ಉಸಿರಾಟವನ್ನು ಯಾವ ಕ್ಷಣದಲ್ಲೂ ನಿಲ್ಲಿಸಬಾರದು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಂದುಕೊಡುವ ರೆಗ್ಯುಲೇಟರ್ ಎಂಬ ಸಾಧನ ಬಾಯಿಯಿಂದ ಹೊರಗಿರುವ ಹೊತ್ತಿನಲ್ಲೂ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು.

ಕಿವಿ ನೋಯುವುದೇಕೆ?

ಏರುವಾಗಿನ ಅಪಾಯ ಶ್ವಾಸಕೋಶದ್ದಾದರೆ, ಇಳಿಯುವಾಗಿನ ತೊಂದರೆ ಕಿವಿಯದು. ತರಬೇತಿಯ ಮೊದಲ ದಿನಗಳಲ್ಲಿ ಹೆಚ್ಚು ಜನರನ್ನು ಕಾಡುವುದೂ ಇದೇ. ಕಿವಿತಮಟೆಯ ಹಿಂದಿರುವ ಗಾಳಿ ಕುಗ್ಗಿದಾಗ ತಮಟೆ ಒಳಕ್ಕೆ ಬಾಗುತ್ತದೆ. ನಡುಗಿವಿಯಿಂದ ಗಂಟಲಿನ ಹಿಂಭಾಗಕ್ಕೆ ಯುಸ್ಟೇಶಿಯನ್ ನಾಳ ಎಂಬ ಕಿರುದಾರಿಯಿದೆ. ಅದನ್ನು ತೆರೆದು ಒಳಗೆ ಗಾಳಿ ಸೇರಿಸಿದರೆ ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ಮೂಗನ್ನು ಬೆರಳುಗಳಿಂದ ಒತ್ತಿ ಹಿಡಿದು, ಬಾಯಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಊದುವುದು ಎಲ್ಲರೂ ಮೊದಲು ಕಲಿಯುವ ವಿಧಾನ. ಮೂಗು ಹಿಡಿದು ಉಗುಳು ನುಂಗುವುದರಿಂದಲೂ ಕೆಲವರಿಗೆ ಆಗುತ್ತದೆ.

ಇಲ್ಲಿ ಕೈಚಳಕಕ್ಕಿಂತ ಹೊತ್ತು ಮುಖ್ಯ. ನೋವು ಬರಲಿ ಎಂದು ಕಾಯಬಾರದು. ನೀರಿನ ಮೇಲಿರುವಾಗಲೇ ಒಮ್ಮೆ ಮಾಡಿ, ಇಳಿಯಲು ಶುರುವಾದ ಮೇಲೆ ಅರ್ಧ ಅಥವಾ ಒಂದು ಮೀಟರಿಗೊಮ್ಮೆ ಮಾಡುತ್ತಾ ಹೋಗಬೇಕು. ತಡಮಾಡಿದರೆ ಹೊರಗಿನ ಒತ್ತಡವೇ ಆ ನಾಳದ ಬಾಯನ್ನು ಅದುಮಿಬಿಡುತ್ತದೆ, ಆಮೇಲೆ ಎಷ್ಟು ಊದಿದರೂ ಅದು ತೆರೆಯುವುದಿಲ್ಲ. ತಲೆ ಕೆಳಗಾಗಿ ಇಳಿಯುವುದಕ್ಕಿಂತ ಕಾಲು ಕೆಳಗಾಗಿ, ಹಗ್ಗ ಹಿಡಿದು ಇಳಿಯುವುದು ಹೊಸಬರಿಗೆ ಸುಲಭ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬೇಕು; ಆಗಲೂ ಆಗದಿದ್ದರೆ ಆ ದಿನದ ಡೈವನ್ನು ಬಿಟ್ಟುಬಿಡಬೇಕು. ಜೋರಾಗಿ ಊದಿದರೆ ಒಳಗಿವಿಗೆ ಪೆಟ್ಟಾಗಿ ಶ್ರವಣಶಕ್ತಿಗೇ ಕುತ್ತು ಬರಬಹುದು. ನೆಗಡಿಯಿದ್ದಾಗ ಇಳಿಯಲೇಬಾರದು. ಮೂಗು ಬಿಡಿಸುವ ಔಷಧ ಹಾಕಿಕೊಂಡು ಇಳಿದು, ಅದರ ಪರಿಣಾಮ ನೀರಿನೊಳಗೇ ಮುಗಿದರೆ, ಏರುವಾಗ ಹಿಗ್ಗಿದ ಗಾಳಿ ಹೊರಬರಲು ದಾರಿಯಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ. ಕಿವಿಗೆ ಬಿರಡೆ ಇಟ್ಟುಕೊಳ್ಳುವ ಉಪಾಯವೂ ಸಲ್ಲದು.

ಮಾಸ್ಕಿನೊಳಗಿನ ಗಾಳಿಯೂ ಇದೇ ರೀತಿ ಕುಗ್ಗಿ ಮುಖವನ್ನು ಹೀರುತ್ತದೆ. ಆಗಾಗ ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟರೆ ಸರಿಹೋಗುತ್ತದೆ. ಮೂಗನ್ನು ಹೊರಗೆ ಬಿಡುವ ಈಜುಗನ್ನಡಕ ಡೈವಿಂಗಿಗೆ ಬಾರದಿರುವುದು ಇದಕ್ಕಾಗಿಯೇ. ಮಾಸ್ಕಿಗೆ ನೀರು ನುಗ್ಗಿದಾಗ ಮಾಡಬೇಕಾದದ್ದೂ ಬಹುಮಟ್ಟಿಗೆ ಅದೇ. ಅದರ ಚೌಕಟ್ಟಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖವನ್ನು ತುಸು ಮೇಲೆತ್ತುತ್ತಾ ಮೂಗಿನಿಂದ ನಿಧಾನವಾಗಿ ಊದಬೇಕು. ಗಾಳಿ ಮೇಲ್ಭಾಗದಲ್ಲಿ ತುಂಬಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ಹೊರದೂಡುತ್ತದೆ. ಮೊದಲ ಸಲ ಮೂಗಿಗೆ ನೀರು ತಾಗಿದಾಗ ದೇಹ ಬೆಚ್ಚಿ ಉಸಿರೇ ಕಟ್ಟಿದಂತಾಗುತ್ತದೆ. ಮೂಗಿಗೆ ನೀರು ತಾಗುತ್ತಿರುವಾಗಲೂ ಬಾಯಿಂದ ಸಮನಾಗಿ ಉಸಿರಾಡುವುದನ್ನು ಸೊಂಟಮಟ್ಟದ ನೀರಿನಲ್ಲಿ ಬೇಸರವಾಗುವಷ್ಟು ಸಲ ಮಾಡಿ ರೂಢಿಸಿಕೊಳ್ಳಬೇಕು. ಇಡೀ ತರಬೇತಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಸಿಲಿಂಡರಿನಲ್ಲಿರುವುದು ಆಮ್ಲಜನಕವೇ?

ಅಲ್ಲ. ಅದು ಸೋಸಿ, ತೇವ ತೆಗೆದು, ಒತ್ತಿ ತುಂಬಿದ ಸಾಮಾನ್ಯ ಗಾಳಿ. ನೂರರಲ್ಲಿ ಸುಮಾರು 21 ಭಾಗ ಆಮ್ಲಜನಕ, ಉಳಿದದ್ದು ಬಹುತೇಕ ಸಾರಜನಕ. ಅಪ್ಪಟ ಆಮ್ಲಜನಕ ಒತ್ತಡದಲ್ಲಿ ವಿಷವಾಗುತ್ತದೆ. 6 ಮೀಟರಿಗಿಂತ ಕೆಳಗೆ ಅದನ್ನು ಉಸಿರಾಡಿದರೆ ನೀರಿನೊಳಗೇ ಸೆಳೆತ ಬರುವ ಅಪಾಯವಿದೆ.

ಗಾಳಿಯನ್ನು ಮೇಲಿನಿಂದ ಉದ್ದದ ಕೊಳವೆಯಲ್ಲೇ ಎಳೆದುಕೊಳ್ಳಬಾರದೇಕೆ ಎಂದೂ ಕೆಲವರು ಕೇಳುತ್ತಾರೆ. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನು ಎಷ್ಟು ಬಲವಾಗಿ ಒತ್ತುತ್ತದೆಂದರೆ, ಮೇಲ್ಮೈಯ ಒತ್ತಡದಲ್ಲಿರುವ ಗಾಳಿಯನ್ನು ಎಳೆದು ಎದೆ ಹಿಗ್ಗಿಸುವುದು ನಮ್ಮ ಸ್ನಾಯುಗಳಿಗೆ ತೀರ ಕಷ್ಟವಾಗುತ್ತದೆ. ಗಾಳಿ ನಮಗೆ ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ ಸಿಗಬೇಕು, ಅದೂ ಉಸಿರೆಳೆದಾಗ ಮಾತ್ರ. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾ ರೂಪಿಸಿದ ಆಕ್ವಾ-ಲಂಗ್ ಮಾಡಿದ್ದು ಇದನ್ನೇ. ಇಂದಿನ ರೆಗ್ಯುಲೇಟರಿನ ಮೊದಲ ಹಂತ ಸಿಲಿಂಡರಿನ 200 ಬಾರ್ ಒತ್ತಡವನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ; ಬಾಯಲ್ಲಿರುವ ಎರಡನೇ ಹಂತ ಅದನ್ನು ಸುತ್ತಲಿನ ಒತ್ತಡಕ್ಕೇ ತಂದು ಕೊಡುತ್ತದೆ.

ನೀರಿಗಿಳಿಯುವ ಮೊದಲು, ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ನೋಡುತ್ತಲೇ ರೆಗ್ಯುಲೇಟರಿನಿಂದ ನಾಲ್ಕು ಬಾರಿ ದೀರ್ಘವಾಗಿ ಉಸಿರೆಳೆಯಿರಿ. ಮುಳ್ಳು ಕದಲದಿದ್ದರೆ ಸರಿ. ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಮೇಲೇಳುತ್ತಿದ್ದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲವೆಂದು ಅರ್ಥ. ಮೇಲೆ ಉಸಿರಾಟಕ್ಕೆ ಸಾಕೆನಿಸುವ ಆ ಅರೆತೆರೆದ ವಾಲ್ವ್, ಪ್ರತಿ ಉಸಿರಿಗೂ ಹಲವು ಪಟ್ಟು ಗಾಳಿ ಬೇಕಾಗುವ ಆಳದಲ್ಲಿ ಕೈಕೊಡುತ್ತದೆ.

ಗಾಳಿ ಎಷ್ಟು ಹೊತ್ತು ಬರುತ್ತದೆ, ಮುಗಿದರೆ ಏನು?

12 ಲೀಟರಿನ ಸಿಲಿಂಡರನ್ನು 200 ಬಾರ್‌ಗೆ ತುಂಬಿಸಿದರೆ ಅದರಲ್ಲಿರುವುದು ಸುಮಾರು 2,400 ಲೀಟರ್ ಗಾಳಿ. ಕೊನೆಯ 50 ಬಾರ್, ಅಂದರೆ 600 ಲೀಟರ್, ಮುಟ್ಟದೆ ಉಳಿಸಿಕೊಳ್ಳುವ ದಾಸ್ತಾನು. ಬಳಸಲು ಸಿಗುವುದು 1,800. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅದು 90 ನಿಮಿಷ ಬಂದೀತು. 20 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಬೇಕಾದ್ದರಿಂದ ಅದೇ ವ್ಯಕ್ತಿಗೆ 30 ನಿಮಿಷ ಮಾತ್ರ. ಹೊಸಬರಿಗೆ ಇದಕ್ಕಿಂತಲೂ ಬೇಗ ಮುಗಿಯುವುದು ಸಹಜ. ಗಾಬರಿ, ಕೈಗಳನ್ನು ಬೀಸಾಡುವುದು, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಹೆಚ್ಚಾಗಿರುವುದು, ಇವೇ ಅದಕ್ಕೆ ಕಾರಣ. ಗಾಳಿ ಉಳಿಸಲೆಂದು ಉಸಿರುಗಳ ನಡುವೆ ತಡೆಹಿಡಿಯುವವರಿದ್ದಾರೆ. ಅದರಿಂದ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ತಲೆನೋವು ಬರುತ್ತದೆ. ಮೇಲಾಗಿ ಅದು ಉಸಿರು ನಿಲ್ಲಿಸಬಾರದೆಂಬ ಮೊದಲ ನಿಯಮವನ್ನೇ ಮುರಿದಂತೆ.

ಗಾಳಿ ಸಾಮಾನ್ಯವಾಗಿ ಹೇಳದೆ ಕೇಳದೆ ಮುಗಿಯುವುದಿಲ್ಲ, ಗೇಜು ನೋಡದವರಿಗೆ ಮುಗಿಯುತ್ತದೆ. ಹಾಗೊಮ್ಮೆ ಆದರೆ ಜೊತೆಗಾರನ ಬಳಿ ಹಳದಿ ಬಣ್ಣದ ಹೆಚ್ಚುವರಿ ರೆಗ್ಯುಲೇಟರ್ ಇರುತ್ತದೆ. ಅದರಿಂದ ಉಸಿರಾಡುತ್ತಾ ಇಬ್ಬರೂ ಒಟ್ಟಿಗೆ ಏರಬೇಕು. ಡೈವಿಂಗಿನಲ್ಲಿ ಜೊತೆಗಾರನನ್ನು ‘ಬಡಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ಸಾಲದ ಬಡ್ಡಿಯಂತೆ ಕೇಳಿಸಿದರೂ ತಪ್ಪಿಲ್ಲ, ಇಲ್ಲಿ ಸಾಲವಾಗಿ ಸಿಗುವುದು ಗಾಳಿ. ಆದ್ದರಿಂದ ಅವರ ರೆಗ್ಯುಲೇಟರ್ ಎಲ್ಲಿ ಸಿಕ್ಕಿಸಿದೆ, ತೂಕದ ಪಟ್ಟಿಯ ಕೊಂಡಿ ಯಾವ ಕಡೆ ಬಿಚ್ಚುತ್ತದೆ ಎಂಬುದನ್ನು ದಡದಲ್ಲೇ ಪರಸ್ಪರ ಮುಟ್ಟಿ ನೋಡಿಕೊಳ್ಳಬೇಕು. ಸನ್ನೆಗಳನ್ನೂ ಅಲ್ಲೇ ಒಮ್ಮೆ ನೆನಪಿಸಿಕೊಳ್ಳುವುದು ಮೇಲು. ನಾನು ಕಲಿಯುತ್ತಿದ್ದಾಗ, ಎಲ್ಲ ಸರಿಯಿದೆಯೇ ಎಂದು ಬೋಧಕರು ಕೇಳಿದ್ದಕ್ಕೆ ಖುಷಿಯಿಂದ ಹೆಬ್ಬೆರಳೆತ್ತಿದೆ. ನೀರಿನೊಳಗೆ ಅದರ ಅರ್ಥ ‘ಮೇಲಕ್ಕೆ ಹೋಗೋಣ’ ಎಂದು. ಅವರು ತುಟಿಪಿಟಕ್ಕೆನ್ನದೆ ನನ್ನನ್ನು ಮೇಲಕ್ಕೆ ಕರೆದೊಯ್ದರು.

ತೂಕ ಎಷ್ಟು ಬೇಕು?

ಹೊಸಬರು ಬೇಕಾದ್ದಕ್ಕಿಂತ ಹೆಚ್ಚು ಸೀಸ ಕಟ್ಟಿಕೊಳ್ಳುವುದೇ ಹೆಚ್ಚು. ಸಿಲಿಂಡರ್ ಬಹುತೇಕ ಖಾಲಿಯಾಗಿರುವಾಗ, ಬಿಸಿಡಿ ಜಾಕೆಟ್ಟಿನ (ಗಾಳಿ ತುಂಬಿ, ಬಿಟ್ಟು ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟ್) ಗಾಳಿಯನ್ನೆಲ್ಲ ಬಿಟ್ಟು, ಸಹಜವಾಗಿ ಉಸಿರೆಳೆದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಸಿಲಿಂಡರ್ ತುಂಬಿರುವಾಗ ಪರೀಕ್ಷಿಸುವುದಾದರೆ ಸುಮಾರು 2 ಕಿಲೋ ಹೆಚ್ಚಿಗೆ ಸೇರಿಸಿಕೊಳ್ಳಬೇಕು, ಏಕೆಂದರೆ ಗಾಳಿಗೂ ತೂಕವಿದೆ, ಬಳಸುತ್ತಾ ಹೋದಂತೆ ಅಷ್ಟು ಹಗುರಾಗುತ್ತೇವೆ. ಜಾಕೆಟ್ ಮೇಲೇರಿಸುವ ಲಿಫ್ಟ್ ಅಲ್ಲ. ಏರುವಾಗ ಅದರೊಳಗಿನ ಗಾಳಿಯೂ ಹಿಗ್ಗುತ್ತದೆ. ಬಿಡದಿದ್ದರೆ ಮೀಟರಿನಿಂದ ಮೀಟರಿಗೆ ವೇಗ ಹೆಚ್ಚಿ ಮೇಲಕ್ಕೆ ಚಿಮ್ಮಿಬಿಡುತ್ತೇವೆ. ಈಜುತ್ತಾ ಏರಬೇಕು, ಜಾಕೆಟ್ಟಿನ ಗಾಳಿಯನ್ನು ಬಿಡುತ್ತಾ ಏರಬೇಕು.

ಸಾರಜನಕದ ಸಮಸ್ಯೆ ಏನು?

ಒತ್ತಡ ಹೆಚ್ಚಿದಷ್ಟೂ ಉಸಿರಾಡಿದ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಹೆಚ್ಚು ಕರಗುತ್ತದೆ. ಬೇಗ ಮೇಲೆ ಬಂದರೆ ಗುಳ್ಳೆಗಳಾಗಿ ಹೊರಬರುತ್ತದೆ. ಇದಕ್ಕೆ ಸೋಡಾ ಬಾಟಲಿಯ ಹೋಲಿಕೆ ಕೊಡುವುದು ವಾಡಿಕೆ. ಹೋಲಿಕೆ ಸರಿಯಾದರೂ ಅರ್ಧ ಮಾತ್ರ ಸರಿ, ಏಕೆಂದರೆ ಬಾಟಲಿಯಲ್ಲಿರುವುದು ಒಂದೇ ಬಗೆಯ ದ್ರವ. ದೇಹದಲ್ಲಾದರೋ ರಕ್ತ ನಿಮಿಷಗಳಲ್ಲಿ ತುಂಬಿ ಖಾಲಿಯಾದರೆ, ಕೊಬ್ಬು ಮತ್ತು ಕೀಲುಗಳು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಪ್ರಕಟಿಸಿದ, ಹೇಗೆ ಹಂತಹಂತವಾಗಿ ಮೇಲೆ ಬರಬೇಕೆಂದು ತಿಳಿಸುವ ಕೋಷ್ಟಕಗಳ ಹಿಂದಿದ್ದದ್ದೂ, ಇಂದು ಮಣಿಕಟ್ಟಿನ ಮೇಲಿರುವ ಡೈವ್ ಕಂಪ್ಯೂಟರ್ ಲೆಕ್ಕ ಹಾಕುವುದೂ ಈ ವ್ಯತ್ಯಾಸವನ್ನೇ. ಪ್ರತಿಯೊಬ್ಬರಿಗೂ ತಮ್ಮದೇ ಕಂಪ್ಯೂಟರ್ ಬೇಕು. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತು, ಆಮೇಲೆ ಮೇಲೆ ಬರಬೇಕು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಎತ್ತರದ ಘಾಟಿ ರಸ್ತೆಗಳ ಬಗೆಗೂ ಎಚ್ಚರ ಬೇಕು.

ಸುಮಾರು 30 ಮೀಟರಿನಿಂದಾಚೆ ಇದೇ ಸಾರಜನಕ ಅಮಲನ್ನೂ ತರುತ್ತದೆ. ಸ್ವಲ್ಪ ಮೇಲೇರಿದರೆ ಅದು ಇಳಿದುಹೋಗುತ್ತದೆ. ಮೊದಲ ಹಂತದ ತರಬೇತಿ ಪಡೆದವರ ಮಿತಿ 18 ಮೀಟರ್ ಆದ್ದರಿಂದ ಹೊಸಬರಿಗೆ ಈ ಅನುಭವ ಆಗುವ ಸಂದರ್ಭ ಕಡಿಮೆ.

ಯಾರು ಇಳಿಯಬಾರದು ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಅಸ್ತಮಾ, ಹೃದ್ರೋಗ, ಮೂರ್ಛೆರೋಗ, ಹಿಂದೆ ಶ್ವಾಸಕೋಶ ಕುಸಿದದ್ದು, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ತರಬೇತಿಗೆ ಸೇರುವ ಮೊದಲೇ ಅವರಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಗರ್ಭಿಣಿಯರು ಡೈವ್ ಮಾಡಬಾರದು.

ಗುಳ್ಳೆಗಳಿಂದಾಗುವ ಕಾಯಿಲೆಯ ಲಕ್ಷಣಗಳು ಅನೇಕ ಸಲ ತೀರ ಸಾಧಾರಣವಾಗಿ ಕಾಣುತ್ತವೆ: ಭುಜ ಅಥವಾ ಮೊಣಕೈ ನೋವು, ಜುಮುಜುಮು, ಅತಿಯಾದ ಸುಸ್ತು, ಚರ್ಮದ ಮೇಲೆ ಕಲೆಗಳು. ಸಿಲಿಂಡರ್ ಹೊತ್ತದ್ದಕ್ಕೆ ಭುಜ ನೋಯುತ್ತಿದೆ ಎಂದು ಸಮಾಧಾನ ಮಾಡಿಕೊಂಡು ಮಲಗಿಬಿಡುವವರು ಬಹಳ. ಡೈವ್ ಮುಗಿಸಿದ ಒಂದು ದಿನದೊಳಗೆ ಇಂಥ ಯಾವುದೇ ಲಕ್ಷಣ ಕಂಡರೆ, ಸರಿಪಡಿಸಲೆಂದು ಮತ್ತೆ ನೀರಿಗಿಳಿಯದೆ, ಅಪ್ಪಟ ಆಮ್ಲಜನಕ ಉಸಿರಾಡುತ್ತಾ ಆಸ್ಪತ್ರೆ ಸೇರಬೇಕು. ಒತ್ತಡದ ಕೋಣೆಯಲ್ಲಿ ಚಿಕಿತ್ಸೆ ಬೇಕಾಗಬಹುದು. ವೈದ್ಯರ ಎದುರು ಮೊದಲ ಮಾತಾಗಿ, ನೋವು ಎಲ್ಲಿದೆ ಎನ್ನುವುದಕ್ಕಿಂತಲೂ ಮುಂಚೆ, ಯಾವ ಹೊತ್ತಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಿರಿ ಎಂಬುದನ್ನು ಹೇಳಿ, ಡೈವ್ ಕಂಪ್ಯೂಟರನ್ನು ಅವರ ಕೈಗೆ ಕೊಡಿ.