ಗುಂತಕಲ್ ಸುತ್ತಿನ ಟಿಕೆಟ್: ನನ್ನ ಅನುಭವ

ಕೊಪ್ಪಳದಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಗಂಗಾವತಿ, ಸಿಂಧನೂರಿನ ನೇರ ದಾರಿಯಿದೆ. ರೈಲನ್ನೇ ನಂಬಿರುವ ನನ್ನಂಥವರು ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ಲಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಉತ್ತರಕ್ಕೆ ತಿರುಗಬೇಕು. ಈ ಸುತ್ತಿನಲ್ಲಿ ಓಡಾಡುತ್ತಲೇ ನಾನು ಟಿಕೆಟ್ ಓದಲು ಕಲಿತೆ.

ಟಿಕೆಟ್ ಕೈಗೆ ಬಂದೊಡನೆ ಮೊದಲು ಕಿಲೋಮೀಟರ್ ಅಂಕಿಯನ್ನು ನೋಡುತ್ತೇನೆ. ಕಾಯ್ದಿರಿಸದ ಟಿಕೆಟ್ 199 ಕಿ.ಮೀ. ಒಳಗಿನದಾದರೆ, ಕೊಂಡ 3 ಗಂಟೆಯೊಳಗೆ ಅಥವಾ ಆ ಊರಿನ ಕಡೆಗೆ ಮೊದಲ ಗಾಡಿ ಹೊರಡುವುದರೊಳಗೆ, ಇವೆರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಆರಂಭಿಸಬೇಕೆಂಬ ನಿಯಮ 2016ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಬಳ್ಳಾರಿ–ರಾಯಚೂರು ಈ ಮಿತಿಯೊಳಗೆ ಬರುತ್ತದೆ. ಕೊಪ್ಪಳ–ರಾಯಚೂರು 200 ಕಿ.ಮೀ. ಮೀರುವುದರಿಂದ 3 ದಿನ ಮೊದಲೇ ಕೊಳ್ಳಬಹುದು. ಆದೋನಿ ದಾಟಿದ ಮೇಲೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಟಿಕೆಟ್ ಮುಂದೆ ಹಿಡಿದು, "ಮೂರು ತಾಸು ಮುಗೀತಲ್ರೀ, ಇನ್ನ ಇದು ನಡಿತೈತೇನ್ರೀ?" ಎಂದು ಕೇಳಿದ್ದರು. ಆ ಗಡುವು ಗಾಡಿ ಹತ್ತುವುದಕ್ಕೇ ಹೊರತು ಊರು ಮುಟ್ಟುವುದಕ್ಕಲ್ಲ ಎಂದು ಹೇಳಿದ ಮೇಲೆ ಅವರು ನಿಶ್ಚಿಂತರಾದರು.

ಎರಡನೆಯದು 'ವಯಾ' ಎಂಬಲ್ಲಿ ಅಚ್ಚಾದ ನಿಲ್ದಾಣದ ಸಂಕೇತ, ಗುಂತಕಲ್ಲಿಗೆ ಜಿಟಿಎಲ್. ಬಳ್ಳಾರಿಯಿಂದ ಬೆಂಗಳೂರಿಗೆ ಗುಂತಕಲ್, ಧರ್ಮಾವರಂ, ಹಿಂದೂಪುರದ ದಾರಿಯೂ ಇದೆ, ರಾಯದುರ್ಗ, ಚಿತ್ರದುರ್ಗ, ಚಿಕ್ಕಜಾಜೂರಿನ ದಾರಿಯೂ ಇದೆ. ಊರಿನ ಹೆಸರಷ್ಟೇ ಹೇಳಿದರೆ ಯಾವ ದಾರಿಯ ಟಿಕೆಟ್ ಬರುವುದೋ ಖಾತ್ರಿಯಿಲ್ಲವಾದ್ದರಿಂದ, ಹಿಂದೆ ಸಾಲು ಎಷ್ಟೇ ಉದ್ದವಿದ್ದರೂ ನಾನು ಕೌಂಟರಿನಲ್ಲೇ ದಾರಿಯನ್ನೂ ಹೇಳಿ, ಅಚ್ಚಾದದ್ದನ್ನು ನೋಡಿಕೊಂಡೇ ಸರಿಯುತ್ತೇನೆ.

ನಡುವೆ ಇಳಿದು ತಂಗುವ ವಿಷಯದಲ್ಲಿ ಗೊಂದಲ ಹೆಚ್ಚು. ಟಿಕೆಟ್ 500 ಕಿ.ಮೀ. ಮೀರಿದ್ದರೆ ಒಮ್ಮೆ, ಆಗಮನ ನಿರ್ಗಮನದ ದಿನಗಳನ್ನು ಬಿಟ್ಟು 2 ದಿನ ತಂಗಬಹುದು. ಆದರೆ ಮೊದಲ 500 ಕಿ.ಮೀ. ಕ್ರಮಿಸಿದ ಮೇಲೆಯೇ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೊಪ್ಪಳದಿಂದ ಮೈಸೂರಿಗೆ ಹೋಗುವಾಗ ಒಟ್ಟು ದೂರ 500 ದಾಟಿದರೂ ಬೆಂಗಳೂರು ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಮಗಳ ಮನೆಗೆ ಹೋಗುವುದಿದ್ದರೆ ನಾನು ಎರಡು ಟಿಕೆಟ್ ತೆಗೆಸುತ್ತೇನೆ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಸ್ವಲ್ಪ ಹೆಚ್ಚು ಹಣ ಬೀಳುತ್ತದೆ, ಅಷ್ಟೆ. ಗುಂತಕಲ್ಲಿನಲ್ಲಿ ಮುಂದಿನ ಗಾಡಿಗಾಗಿ ಕಾಯುವುದು ಮಾತ್ರ ತಂಗುವಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಹತ್ತುವ ಗಾಡಿ ಸೂಪರ್‌ಫಾಸ್ಟ್ ಆಗಿದ್ದರೆ ಅದರ ಹೆಚ್ಚುವರಿ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯೇ ಎಂಬುದನ್ನು ಕೊಪ್ಪಳದಲ್ಲೇ ನೋಡಿಕೊಂಡಿರುತ್ತೇನೆ.