ನಾಟಿ ಹೇಂಟೆ ಪುಕ್ಕದ ಮೇಫ್ಲೈ

ಫ್ಲೈ ಅಂದ್ರೆ ಮೀನು ಹಿಡಿಯೋಕೆ ಗಾಳಕ್ಕೆ ಪುಕ್ಕ, ದಾರ ಕಟ್ಟಿ ಮಾಡುವ ನಕಲಿ ಹುಳ. ಮೇಫ್ಲೈ ಅಂದ್ರೆ ಮರಿಯಾಗಿದ್ದಾಗ ನೀರಿನಲ್ಲಿ ಬೆಳೆಯುವ ಒಂದು ರೆಕ್ಕೆಹುಳ. ಮೊದಲೇ ಹೇಳಿಬಿಡ್ತೀನಿ, ಹುಂಜದ ಪುಕ್ಕ ಬೇಡ. ಅದು ಬಿರುಸು, ನೀರಿನ ಮೇಲೆ ತೇಲುವ ಫ್ಲೈಗೆ ಸರಿ. ನಮ್ಮದು ಮುಳುಗುವ ಫ್ಲೈ. ಮರಿಹುಳ ರೆಕ್ಕೆ ಬಿಚ್ಚೋಕೆ ತಳದಿಂದ ಮೇಲೇರುತ್ತಲ್ವಾ, ಆಗಿನ ಮೇಫ್ಲೈ ಇದು. ನೀರಿನ ಸೆಳೆತಕ್ಕೆ ಎಳೆಗಳು ಅಲುಗಾಡಬೇಕು. ಅದಕ್ಕೆ ನಾಟಿ ಹೇಂಟೆಯ ಮೆತ್ತನೆ ಕಂದು ಪುಕ್ಕವೇ ಬೇಕು. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವರು ಗೌಜಲಹಕ್ಕಿ ಪುಕ್ಕದಲ್ಲಿ ಕಟ್ಟುತ್ತಾರೆ. ಇಲ್ಲಿ ಕಾಡುಹಕ್ಕಿ ಹಿಡಿಯುವ ಹಾಗಿಲ್ಲ, ಕಾನೂನಿದೆ.

ಬಣ್ಣ ಆರಿಸುವ ಮುಂಚೆ ತುಂಗೆಗೆ ಸೇರುವ ಯಾವುದಾದರೂ ಹಳ್ಳಕ್ಕಿಳಿದು ಒಂದು ಕಲ್ಲು ಮಗುಚಿ ನೋಡಿ. ಬಾಲದಲ್ಲಿ ಎರಡೋ ಮೂರೋ ಎಳೆ, ಹೊಟ್ಟೆಯ ಎರಡೂ ಬದಿ ಕಿವಿರು ಇರುವ ಹುಳ ಓಡಾಡುತ್ತದೆ. ಅದೇ ಮೇಫ್ಲೈ ಮರಿ. ಅದರ ಬಣ್ಣಕ್ಕಿಂತ ಚೂರು ತಿಳಿಯಾದ ದಾರ ತಗೊಳ್ಳಿ, ಏಕೆಂದರೆ ರೇಷ್ಮೆ ನೆನೆದರೆ ಗಾಢವಾಗುತ್ತದೆ. ಸೀರೆ ಕುಚ್ಚಿಗೆ ಮಾರುವ ದಾರ ಆದೀತು, ಆದರೆ ಅಸಲಿ ರೇಷ್ಮೆ ಇರಲಿ. ಒಂದೇ ಎಳೆ ಬಿಡಿಸಿಕೊಂಡು ಜೇನುಮೇಣಕ್ಕೆ ಉಜ್ಜಿ.

14ನೇ ನಂಬರ್ ಗಾಳವನ್ನು ವೈಸ್‌ಗೆ (ಗಾಳ ಅಲುಗಾಡದಂತೆ ಹಿಡಿಯುವ ಇಕ್ಕಳ) ಸಿಕ್ಕಿಸಿ. ಗಾಳದ ಕಣ್ಣಿನ ಹಿಂದೆ ಚೂರು ಜಾಗ ಬಿಟ್ಟು ದಾರ ಶುರುಮಾಡಿ. ಸುತ್ತಿನ ಪಕ್ಕಕ್ಕೆ ಸುತ್ತು ಕೂರಿಸುತ್ತಾ ಮುಳ್ಳಿನ ನೇರಕ್ಕೆ ಹೋಗಿ, ವಾಪಸ್ ಬನ್ನಿ. ಮೈ ಆಯ್ತು. ಸಣಕಲಾಗಿ ಕಂಡರೆ ಸರಿಯಾಗಿದೆ ಅಂತ ಅರ್ಥ. ಈಗ ನಾಯಿ ಬಾಚಿದಾಗ ಬರುವ ಒಳಗೂದಲು ಒಂದು ಚಿಟಿಕೆ ದಾರಕ್ಕೆ ಹೊಸೆದು ಎರಡು ಸುತ್ತು ಹಾಕಿ. (ನಮ್ಮನೆ ಕರಿಯನದ್ದು ಬೂದು ಬಣ್ಣ, ಭಾರೀ ಚೆನ್ನಾಗಿ ಒಗ್ಗುತ್ತೆ.) ಈ ಉಬ್ಬು ಇಲ್ಲದಿದ್ದರೆ ಪುಕ್ಕದ ಎಳೆಗಳು ನೀರಿನಲ್ಲಿ ಮೈಗೆ ಅಂಟಿಕೊಳ್ಳುತ್ತವೆ.

ಇನ್ನು ಪುಕ್ಕ. ಕೆಲಸ ಕೆಡುವುದೇ ಇಲ್ಲಿ, ನಿಧಾನ ಮಾಡಿ. ಬುಡದ ತುಪ್ಪುಳ ಕಿತ್ತುಹಾಕಿ. ತುದಿ ಹಿಡಿದು, ಉಳಿದ ಎಳೆಗಳನ್ನು ಬುಡದ ಕಡೆಗೆ ಸವರಿ. ಎಳೆಯ ಉದ್ದ ಗಾಳದ ಬಾಗಿನವರೆಗೆ ಬಂದರೆ ಸಾಕು. ತುದಿಯನ್ನು ಉಬ್ಬಿನ ಮುಂದೆ, ಹೊಳಪಿನ ಮುಖ ಕಣ್ಣಿನ ಕಡೆ ಇರುವ ಹಾಗೆ ಕಟ್ಟಿ. ಒದ್ದೆ ಬೆರಳಲ್ಲಿ ಎಳೆಗಳನ್ನು ಹಿಂದಕ್ಕೆ ಒತ್ತುತ್ತಾ ಎರಡು ಸುತ್ತು, ಅಷ್ಟೇ. ಮೂರನೆಯದು ಹಾಕೋಣ ಅನ್ನಿಸುತ್ತೆ, ಬೇಡ. ಜಾಸ್ತಿ ಎಳೆ ಇದ್ದರೆ ಒಂದಕ್ಕೊಂದು ತಡೆದು ಅಲುಗಾಡುವುದೇ ಇಲ್ಲ. ದಾರದಿಂದ ಬಿಗಿದು, ಉಳಿದ ದಂಟು ಕತ್ತರಿಸಿ, ತಲೆ ಸಣ್ಣದಾಗಿ ಗಂಟು ಹಾಕಿ.

ಹಳ್ಳಕ್ಕೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೆದು ಹರಿವಿಗೆ ಬಿಡಿ. ಕೋಲಿನ ದಾರ ಬಿಗಿಯಾಗಿ ಫ್ಲೈ ಮೇಲೆದ್ದಾಗಲೇ ಮೀನು ಕಚ್ಚುವುದು ಹೆಚ್ಚು. ಜಗ್ಗಬೇಡಿ, ಸುಮ್ನೆ ಕೋಲು ಎತ್ತಿ. ಶೃಂಗೇರಿ ಮಠದ ಮುಂದೆಯೂ ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲೂ ಗಾಳ ಹಾಕುವಂತಿಲ್ಲ. ಮೊದಲ ಮಳೆಗೆ ಹತ್ತುವ ಮೀನಿನ ತಂಟೆಗೂ ಹೋಗಬೇಡಿ, ಮೊಟ್ಟೆ ಇಡಲಿಕ್ಕೆ ಹೊರಟಿರುತ್ತವೆ. ಮನೆಗೆ ಬಂದ ಮೇಲೆ ಫ್ಲೈ ಒಣಗಿಸಿಯೇ ಡಬ್ಬಿಗೆ ಹಾಕಿ, ನಮ್ಮ ಥಂಡಿಗೆ ಗಾಳ ಬೇಗ ತುಕ್ಕು ಹಿಡಿಯುತ್ತದೆ.